ಲ್ಯಾಪ್‌ಟಾಪ್ ಡಿಸ್ಕ್‌ಗೆ ಬೀಗ: ಯಾವ ಸಾಫ್ಟ್‌ವೇರ್ ನಂಬೋದು?

ಚಿಕ್ಕಮಗಳೂರಿನ ತೋಟದವರ ಲ್ಯಾಪ್‌ಟಾಪ್‌ನಲ್ಲಿ ಈಗ ಏನಿಲ್ಲ ಹೇಳಿ? ಕಾಫಿ ಲೆಕ್ಕ, ಪಹಣಿ, ಆಳುಗಳ ಆಧಾರ್ ಪ್ರತಿ, ಎಲ್ಲಾ ಅದರಲ್ಲೇ. ಬೆಂಗಳೂರು ಬಸ್ಸಿನಲ್ಲಿ ಬ್ಯಾಗ್ ಕಳೆದರೆ ಬರೀ ವಿಂಡೋಸ್ ಪಾಸ್‌ವರ್ಡ್ ಸಾಲದು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲಾ ಓದಬಹುದು. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಪಾಸ್‌ವರ್ಡ್ ಅಥವಾ ಕೀ ಇಲ್ಲದೆ ಯಾರೂ ಓದಲಾಗದಂತೆ ಮಾಡಬೇಕು.

ಈ ಕೆಲಸಕ್ಕೆ ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಅನ್ನೋ ಸಾಫ್ಟ್‌ವೇರ್ ಮೊದಲೇ ಇರುತ್ತವೆ. ವಿಂಡೋಸ್ ಹೋಮ್ ಆವೃತ್ತಿಯವರು ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಇದೆಯಾ ನೋಡಿ. ಇಲ್ಲದಿದ್ದರೆ ವೆರಾಕ್ರಿಪ್ಟ್ ಹಾಕಿಕೊಳ್ಳಿ. ಉಚಿತ, ಅದರ ಸೋರ್ಸ್ ಕೋಡ್ (ಪ್ರೋಗ್ರಾಂ ಬರೆದ ಮೂಲ ಸಾಲುಗಳು) ಯಾರು ಬೇಕಾದರೂ ನೋಡಬಹುದು. 2016ರಲ್ಲಿ ಹೊರಗಿನ ತಜ್ಞರು ಪರೀಕ್ಷಿಸಿ ಗಂಭೀರ ದೋಷಗಳನ್ನೇ ಹುಡುಕಿದರು, ಬಹುಪಾಲು ಸರಿಯಾದವು. ನನಗೆ ನಂಬಿಕೆ ಬಂದಿದ್ದೇ ಅದರಿಂದ. ಕೋಡ್ ತೋರಿಸದೆ ಸುಮ್ನೆ ‘ಮಿಲಿಟರಿ ದರ್ಜೆ’ ಅಂತ ಕೂಗುವ ಸಾಫ್ಟ್‌ವೇರ್‌ಗಳ ಗೊಡವೆ ಬೇಡ. ಇದೇ ಕೆಲಸದ ಹಳೇ ಸಾಫ್ಟ್‌ವೇರ್ ಟ್ರೂಕ್ರಿಪ್ಟ್ ಯಾರಾದರೂ ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ಹಾಕಬೇಡಿ, 2014ರಲ್ಲಿ ಅದನ್ನು ಮಾಡಿದವರೇ ಕೈಬಿಟ್ಟರು.

ಪಾಸ್‌ವರ್ಡ್ ಕೈಕೊಟ್ಟರೆ ಡಿಸ್ಕ್ ತೆರೆಯಲು ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಪ್ರಿಂಟ್ ತೆಗೆದು ಮನೆ ಬೀರುವಿನಲ್ಲಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಬೇಡ. ಅದೂ ಪಾಸ್‌ವರ್ಡೂ ಎರಡೂ ಹೋದರೆ ಯಾವ ಅಂಗಡಿಯವರೂ ಫೈಲ್ ತೆಗೆದುಕೊಡಲಾರರು. ಶುರು ಮಾಡುವ ಮೊದಲು ಬ್ಯಾಕಪ್ ತೆಗೆಯಿರಿ, ಬ್ಯಾಟರಿ ತುಂಬಿಸಿಕೊಳ್ಳಿ. ಮಳೆಗಾಲದ ನಮ್ಮ ಕರೆಂಟ್ ಗೊತ್ತಲ್ವಾ!