ಹಾರ್ಡ್‌ವೇರ್ ಪರಿಶೀಲನಾ ಭಾಷೆಗಳಲ್ಲಿ ಚಕ್ರೀಯ ವ್ಯಾಖ್ಯೆಯನ್ನು ಪತ್ತೆಹಚ್ಚಿ ಬಿಡಿಸುವ ಕ್ರಮ

ನೂಎಸ್‌ಎಂವಿ ಎಂಬ ಪರಿಶೀಲನಾ ಉಪಕರಣದ ಭಾಷೆಯಲ್ಲಿ ಬರೆದ, ಸರ್ಕ್ಯೂಟಿನ ಒಂದು ಚಿಕ್ಕ ಮಾದರಿಯಲ್ಲಿ, ಕೋರಿಕೆ 1 ಆಗಿದ್ದು ಬಿಜಿ ('ಕೆಲಸದಲ್ಲಿದೆ' ಎಂಬ ಸಿಗ್ನಲ್) 0 ಆಗಿದ್ದರೆ ಮಾತ್ರ ಗ್ರಾಂಟ್ ('ಕೋರಿಕೆಗೆ ಒಪ್ಪಿಗೆ' ಎಂಬ ಸಿಗ್ನಲ್) 1 ಎಂದೂ, ಬಿಜಿಯ ಬೆಲೆ ಗ್ರಾಂಟ್‌ನ ಬೆಲೆಯೇ ಎಂದೂ ಬರೆದಿದ್ದೀರಿ ಎಂದುಕೊಳ್ಳಿ. ಇವೆರಡನ್ನೂ 'ಡಿಫೈನ್' (ಒಂದು ಹೆಸರಿಗೆ ಸೂತ್ರ ಕೊಡುವ ಭಾಗ) ಅಡಿಯಲ್ಲಿ ಬರೆದಿದ್ದರೆ, ಒಂದೇ ಗಳಿಗೆಯಲ್ಲಿ ಒಂದರ ಬೆಲೆ ಇನ್ನೊಂದನ್ನು ಕಾಯುವುದರಿಂದ, ಉಪಕರಣವು ದೋಷ ತೋರಿಸಿ ನಿಂತುಬಿಡುತ್ತದೆ.

ಆಗ ದೋಷದಲ್ಲಿ ಕಾಣುವ ಪ್ರತಿಯೊಂದು ಸಿಗ್ನಲ್‌ನಿಂದ, ಅದಕ್ಕೆ ಇದೇ ಗಳಿಗೆಯಲ್ಲಿ ಬೇಕಾದ ಸಿಗ್ನಲ್‌ಗಳ ಕಡೆಗೆ ಕಾಗದದ ಮೇಲೆ ಬಾಣಗಳನ್ನು ಎಳೆಯಿರಿ. ಸುತ್ತು ಕಂಡಲ್ಲಿ, ನಿಜವಾದ ಸರ್ಕ್ಯೂಟಿನಲ್ಲಿ ರಿಜಿಸ್ಟರ್ (ಬೆಲೆಯನ್ನು ಮುಂದಿನ ಹೆಜ್ಜೆಯವರೆಗೆ ಹಿಡಿದಿಡುವ ಭಾಗ) ಇರುವುದು ಯಾವ ಬಾಣದ ಮೇಲೆ ಎಂದು ವಿನ್ಯಾಸವನ್ನೇ ನೋಡಿ ನಿರ್ಧರಿಸಬೇಕು. ಇಲ್ಲಿ ರಿಜಿಸ್ಟರ್ ಇರುವುದು ಬಿಜಿಯಲ್ಲಿ. ಹಾಗಾಗಿ ಬಿಜಿಯನ್ನು ಸ್ಥಿತಿಯ ಚರವಾಗಿ (ಹೆಜ್ಜೆಯಿಂದ ಹೆಜ್ಜೆಗೆ ಬೆಲೆಯನ್ನು ನೆನಪಿಡುವ ಚರವಾಗಿ) ಘೋಷಿಸಿ, ಆರಂಭದ ಬೆಲೆಯನ್ನು 0 ಎಂದು ಕೊಟ್ಟು, 'ನೆಕ್ಸ್ಟ್' ಬಳಸಿ ಅದರ ಮುಂದಿನ ಬೆಲೆ ಗ್ರಾಂಟ್‌ನ ಈಗಿನ ಬೆಲೆ ಎಂದು ಬರೆದರೆ ಸುತ್ತು ಕಡಿಯುತ್ತದೆ. ಆದರೆ ಎರಡೂ ಬದಿಗೆ 'ನೆಕ್ಸ್ಟ್' ಹಾಕಿದರೆ ಪ್ರಯೋಜನವಿಲ್ಲ, ಸುತ್ತು ಒಂದು ಕ್ಲಾಕ್ ಹೆಜ್ಜೆ ಮುಂದಕ್ಕೆ ಜರುಗುತ್ತದೆ ಅಷ್ಟೆ. ದೋಷದ ಬಾಯಿ ಮುಚ್ಚಿಸಲೆಂದು ಇಲ್ಲದ ರಿಜಿಸ್ಟರನ್ನು ಸೇರಿಸಿದರೆ, ನೀವು ಪರಿಶೀಲಿಸುತ್ತಿರುವುದು ಬೇರೊಂದು ಸರ್ಕ್ಯೂಟನ್ನು.

ದೋಷ ತೋರಿಸುವ ಸುತ್ತಿಗಿಂತ ತೋರಿಸದ ಸುತ್ತಿಗೇ ನಾನು ಹೆಚ್ಚು ಹೆದರುತ್ತೇನೆ. ಅದೇ ಎರಡು ಸಾಲುಗಳನ್ನು 'ಇನ್ವಾರ್' (ಪ್ರತಿ ಸ್ಥಿತಿಯಲ್ಲೂ ನಿಜವಾಗಿರಬೇಕಾದ ನಿರ್ಬಂಧ) ಅಡಿಯಲ್ಲಿ ಸಮೀಕರಣಗಳಾಗಿ ಬರೆದರೆ ಉಪಕರಣವು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಕೋರಿಕೆ 0 ಆಗಿದ್ದಾಗ ಗ್ರಾಂಟ್, ಬಿಜಿ ಎರಡೂ 0 ಆಗಿ ಲೆಕ್ಕ ಸರಿಹೋಗುತ್ತದೆ. ಕೋರಿಕೆ 1 ಆದೊಡನೆ ಬಿಜಿ ತನ್ನದೇ ನಿರಾಕರಣೆಗೆ ಸಮವಾಗಬೇಕಾದ್ದರಿಂದ ಅಂಥ ಸ್ಥಿತಿಗಳೆಲ್ಲ ಮಾದರಿಯಿಂದ ಸದ್ದಿಲ್ಲದೆ ಮಾಯವಾಗುತ್ತವೆ. ಕೋರಿಕೆ ಬಂದಾಗ ಏನಾಗಬೇಕೆಂದು ಹೇಳುವ ಗುಣಗಳೆಲ್ಲ (ಮಾದರಿ ಪಾಲಿಸಬೇಕೆಂದು ನಾವು ಬರೆಯುವ ಹೇಳಿಕೆಗಳೆಲ್ಲ) ಆಗ ಪೊಳ್ಳಾಗಿ, ಅಂದರೆ ಪರೀಕ್ಷಿಸಲು ಒಂದು ಸ್ಥಿತಿಯೂ ಇಲ್ಲದೆಯೇ, ನಿಜವಾಗುತ್ತವೆ. ಉಳಿದ ಸ್ಥಿತಿಗಳಿಗೆ ಮುಂದಿನ ಹೆಜ್ಜೆ ಇದ್ದೇ ಇರುವುದರಿಂದ 'ಚೆಕ್ ಎಫ್‌ಎಸ್‌ಎಂ' (ಮುಂದಿನ ಹೆಜ್ಜೆಯಿಲ್ಲದ ಸ್ಥಿತಿಗಳನ್ನು ಹುಡುಕುವ) ಆದೇಶವೂ ಇದನ್ನು ಹಿಡಿಯಲಾರದು. ಆದ್ದರಿಂದ 'ಕೋರಿಕೆ ಎಂದಿಗೂ 1 ಆಗುವುದಿಲ್ಲ' ಎಂಬ, ಸೋಲಲೇಬೇಕಾದ ಗುಣವೊಂದನ್ನು ಬೇಕೆಂದೇ ಬರೆದು ನಡೆಸಿ. ಅದು ಗೆದ್ದರೆ ನಿರ್ಬಂಧಗಳಲ್ಲಿ ವಿರೋಧವಿದೆ. ಪ್ರತಿಯೊಂದು ಇನ್‌ಪುಟ್‌ಗೂ ಹೀಗೆಯೇ ಮಾಡಿ. ಬೆಲೆ ಕೊಡಲು ಸಾಧ್ಯವಿರುವ ಕಡೆ 'ಇನ್ವಾರ್' ಬದಲು 'ಅಸೈನ್' (ಚರಕ್ಕೆ ನೇರವಾಗಿ ಬೆಲೆ ಕೊಡುವ ಭಾಗ) ಬಳಸುವುದು ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಸುತ್ತಿನ ತಪಾಸಣೆ ತಾನಾಗಿಯೇ ನಡೆಯುತ್ತದೆ.

ಹಾರ್ಡ್‌ವೇರ್ ವಿನ್ಯಾಸದ ಭಾಷೆಯಾದ ಸಿಸ್ಟಮ್‌ವೆರಿಲಾಗ್‌ನ ಅಸರ್ಷನ್‌ಗಳಲ್ಲಿ (ಸರ್ಕ್ಯೂಟ್ ಹೀಗೆಯೇ ನಡೆಯಬೇಕೆಂಬ ಹೇಳಿಕೆಗಳಲ್ಲಿ) ನಿಯಮ ಸ್ವಲ್ಪ ಬೇರೆ. 'ಪ್ರಾಪರ್ಟಿ' (ಹೆಸರಿಟ್ಟು ಬರೆದ ಗುಣ) ತನ್ನನ್ನೇ ಕರೆಯಬಹುದು, ಆದರೆ ಆ ಕರೆಗೆ ಮುನ್ನ ಕಾಲ ಮುಂದೆ ಸರಿದಿರಬೇಕು, ಮತ್ತು ಅಂಥ ಪ್ರಾಪರ್ಟಿಯ ಮೇಲೆ 'ನಾಟ್' (ನಿರಾಕರಣೆ) ಹಾಕುವಂತಿಲ್ಲ. 'ಸೀಕ್ವೆನ್ಸ್' (ಘಟನೆಗಳ ಸರಣಿ) ಮತ್ತು 'ಲೆಟ್' (ಸೂತ್ರಕ್ಕಿಟ್ಟ ಹೆಸರು) ಇವುಗಳಿಗೆ ಆ ಅನುಮತಿಯೂ ಇಲ್ಲ.