ಟೊಫಾಸಿಟಿನಿಬ್ ಆರಂಭಿಸುವವರು ಅನುಸರಿಸಬೇಕಾದ ಕ್ರಮ

ರುಮಟಾಯ್ಡ್ ಸಂಧಿವಾತಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಔಷಧ ಸಾಲದೆ ಹೋದಾಗ ಮಂಡ್ಯ, ಮೈಸೂರಿನ ಕಡೆಯ ರೋಗಿಗಳಿಗೂ ಈಗ ವೈದ್ಯರು ಟೊಫಾಸಿಟಿನಿಬ್ ಮಾತ್ರೆ ಬರೆದುಕೊಡುವುದುಂಟು. ಉರಿಯೂತ ಹೆಚ್ಚಿಸುವ ಪ್ರೋಟೀನುಗಳಾದ ಸೈಟೊಕೈನ್‌ಗಳ ಸಂದೇಶವನ್ನು ಜೀವಕೋಶದೊಳಗೆ ದಾಟಿಸುವವು ಜೇನಸ್ ಕೈನೇಸ್ ಎಂಬ ಕಿಣ್ವಗಳು. ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿ ಈ ಕಿಣ್ವದಲ್ಲಿ ಬಂದು ಕೂರಬೇಕಾದ ಜಾಗದಲ್ಲಿ ಔಷಧವೇ ಕುಳಿತು, ಕಿಣ್ವವು ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸದಂತೆ ತಡೆಯುತ್ತದೆ. ಊತದೊಂದಿಗೆ ಸೋಂಕನ್ನು ಎದುರಿಸುವ ಶಕ್ತಿಯೂ ತಗ್ಗುವುದು ಇದರಿಂದಲೇ.

ಆದ್ದರಿಂದ ಮೊದಲ ಮಾತ್ರೆಗೂ ಮುನ್ನ ಕ್ಷಯ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಸಂಕೋಚವಿಲ್ಲದೆ ಹೇಳಿ. ಇದನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಿಮೋಗ್ಲೋಬಿನ್ 9 ಗ್ರಾಂಗಿಂತ ಕಡಿಮೆಯಿದ್ದರೆ ಔಷಧ ಆರಂಭಿಸುವಂತಿಲ್ಲ. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2021ರಲ್ಲಿ ಎಚ್ಚರಿಕೆಯನ್ನು ಬಿಗಿಗೊಳಿಸಿದ್ದರಿಂದ, ಬೀಡಿ, ಸಿಗರೇಟಿನ ಚಟವನ್ನೂ ಹಳೆಯ ಹೃದಯದ ತೊಂದರೆಯನ್ನೂ ಮರೆಮಾಚಬಾರದು.

ಸಾಮಾನ್ಯ ಪ್ರಮಾಣವು 5 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ; ಅದರ ಬದಲು ನಿಧಾನವಾಗಿ ಕರಗುವ 11 ಮಿಲಿಗ್ರಾಂ ಮಾತ್ರೆ ಕೊಟ್ಟಿದ್ದರೆ ಅದನ್ನು ದಿನಕ್ಕೆ ಒಮ್ಮೆ ಮಾತ್ರ, ಮುರಿಯದೆ, ಅಗಿಯದೆ ನುಂಗಬೇಕು. ನಾಲ್ಕರಿಂದ ಎಂಟು ವಾರಗಳೊಳಗೆ ರಕ್ತಕಣ ಮತ್ತು ಕೊಲೆಸ್ಟರಾಲ್ ಮರುಪರೀಕ್ಷೆ ಅಗತ್ಯ.

ಕಬ್ಬು ಕಡಿಯುವಾಗ ಆದ ಗಾಯ ಕೀವಾಗಿ ಜ್ವರ ಬಂದರೆ, ಅಂಗಡಿಯ ಮಾತ್ರೆ ನುಂಗಿ ಮತ್ತೆ ಗದ್ದೆಗಿಳಿಯದೆ ಅಂದೇ ವೈದ್ಯರಿಗೆ ತಿಳಿಸಿ. ಒಂದೇ ಪಕ್ಕದಲ್ಲಿ ಉರಿಯೊಂದಿಗೆ ಗುಳ್ಳೆಗಳ ಸಾಲು ಎದ್ದರೆ ಅದು ಸರ್ಪಸುತ್ತು ಇರಬಹುದು. ಕೆಮ್ಮಣ್ಣು ಹಚ್ಚಿಸುತ್ತ ಕಾಲ ಕಳೆದರೆ ವೈರಾಣುನಾಶಕ ಔಷಧ ಕೊಡಬೇಕಾದ ಮೊದಲ ಮೂರು ದಿನಗಳು ಕೈತಪ್ಪುತ್ತವೆ.