ತೋಪಿನ ಹದ್ದು, ಮರದ ಬುಡ

ನಾನು ಪರವಾನಗಿ ಭೂಮಾಪಕ. ತುಮಕೂರು ಜಿಲ್ಲೆಯ ಬಯಲುಸೀಮೆ ಹಳ್ಳಿಗಳಲ್ಲಿ ಜಮೀನು ಭಾಗ ಮಾಡುವ ಪೋಡಿ, ಒಂದು ಭಾಗವನ್ನು ಮಾರುವ ಮೊದಲು ಮಾಡಿಸುವ 11ಇ ನಕ್ಷೆ ಅಂತ ವರ್ಷವಿಡೀ ಹೊಲ ಸುತ್ತುವ ಕೆಲಸ. ಗಡಿ ಗುರುತಿಗೆ ನೆಟ್ಟ ಬಾಂದುಕಲ್ಲು ಸಿಗದಿದ್ದಾಗ ಹಳ್ಳಿಯವರು ಮರದ ಕಡೆ ಕೈ ತೋರಿಸುತ್ತಾರೆ: "ಆ ಹುಣಸೇಮರದಿಂದ ಈಚೆಗೆ ನಮ್ದು, ಆಚೆಗೆ ಅವರ್ದು." ಹೀಗೆ ಒಂದು ದಿನ ಕಲ್ಲು ಹುಡುಕುತ್ತಾ ಹೋದರೆ ಅದು ಒಂದು ಬೇವಿನಮರದ ಬುಡದೊಳಗೇ ಇತ್ತು. ಮರ ದಪ್ಪವಾಗುತ್ತಾ ಕಲ್ಲನ್ನು ಒಳಗೆ ತೆಗೆದುಕೊಂಡಿತ್ತು. ತೊಗಟೆ ಎರಡೂ ಕಡೆಯಿಂದ ತುಟಿಯ ಹಾಗೆ ಮುಚ್ಚಿಕೊಂಡು, ನಡುವೆ ಕಲ್ಲಿನ ನೆತ್ತಿ ನಾಲ್ಕು ಬೆರಳಷ್ಟೇ ಕಾಣುತ್ತಿತ್ತು. ಅದರ ಮೇಲೆ ಕೈಯಿಟ್ಟು ನಿಂತ ಹೊತ್ತಿನಿಂದ ನನಗೆ ಹಳೇ ಮರಗಳ ಹುಚ್ಚು ಹತ್ತಿತು. ನಮ್ಮ ತಾಲ್ಲೂಕಿನ ಅತಿ ದೊಡ್ಡ, ಅತಿ ಹಳೆಯ ಮರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು ಎಂದುಕೊಂಡೆ.

ಹುಡುಕಾಟಕ್ಕೆ ನನ್ನ ಕಸುಬೇ ದಾರಿ ತೋರಿಸಿತು. ಗ್ರಾಮನಕ್ಷೆಗಳಲ್ಲಿ ಗುಂಡುತೋಪುಗಳನ್ನು ಗುರುತು ಮಾಡಿರುತ್ತಾರೆ. ಊರಿಗೆಲ್ಲ ಸೇರಿದ ನೆರಳಿನ ಜಾಗ ಅದು. ಹುಣಸೆ, ಮಾವು, ಇಪ್ಪೆ, ಹೊಂಗೆ, ನೇರಳೆ ಇರುವ ತೋಪು. ಸಂತೆಗೆ ಹೋಗುವ ಗಾಡಿಗಳು ಅಲ್ಲೇ ತಂಗುತ್ತಿದ್ದವು. ಮೈಸೂರು ಸೀಮೆಯಲ್ಲಿ ಕಂದಾಯ ಮೋಜಣಿ, ಅಂದರೆ ಭೂಮಿ ಅಳೆಯುವ ಸರ್ವೆ, ಶುರುವಾದದ್ದು 1860ರ ದಶಕದಲ್ಲಿ. ಹಳೇ ದಾಖಲೆಯಲ್ಲಿ ಗುಂಡುತೋಪು ಎಂದಿದ್ದ ಸರ್ವೆ ನಂಬರುಗಳನ್ನೆಲ್ಲ ಪಟ್ಟಿ ಮಾಡಿಕೊಂಡು, ಭಾನುವಾರಗಳಲ್ಲಿ ಒಂದೊಂದಾಗಿ ನೋಡಿ ಬಂದೆ. ಎಷ್ಟೋ ಕಡೆ ತೋಪು ಕಾಗದದಲ್ಲಿ ಮಾತ್ರ ಉಳಿದಿತ್ತು. ನೆಲದ ಮೇಲೆ ಅಡಿಕೆ ತೋಟ, ಮನೆ, ತಿಪ್ಪೆ. ಮರ ಉಳಿದಿದ್ದ ಕಡೆ ಮಾತ್ರ ಬೈಕು ನಿಲ್ಲಿಸಿದೆ.

ನಕ್ಷೆಗಿಂತ ಹೆಚ್ಚು ಹೇಳಿಕೊಟ್ಟವರು ಹುಣಸೆ ಬಡಿಯುವವರು. ಪಂಚಾಯಿತಿ ತೋಪಿನ ಫಸಲು ಹರಾಜಾದ ಮೇಲೆ ಗಳು ಹಿಡಿದು ಊರೂರು ಸುತ್ತುವ ಜನ. ಅವರು ಮರವನ್ನು ಸುತ್ತಳತೆಯಲ್ಲಿ ಹೇಳುವುದಿಲ್ಲ, ಮೂಟೆಯಲ್ಲಿ ಹೇಳುತ್ತಾರೆ. "ಎಂಟು ಮೂಟೆ ಮರ ಬೇಕಾ, ಹನ್ನೆರಡು ಮೂಟೆ ಮರ ಬೇಕಾ ಸಾ?" ಅಂದರು. ಹನ್ನೆರಡು ಮೂಟೆಯದನ್ನೇ ತೋರಿಸಿ ಅಂದೆ. ಒಂದು ಹಳೇ ಮಾರಮ್ಮನ ಗುಡಿಯ ಹಿಂದೆ ಕರೆದುಕೊಂಡು ಹೋದರು. ಅದೇ ನಮ್ಮ ಪುಸ್ತಕದ ಅತಿ ದೊಡ್ಡ ಹುಣಸೆಯಾಯಿತು: ಸುತ್ತಳತೆ 6 ಮೀಟರ್ 40 ಸೆಂಟಿಮೀಟರ್.

ಅಳೆಯುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಒಂದು ಮರವನ್ನು ಇನ್ನೊಂದರ ಪಕ್ಕ ಇಡಲಾಗುವುದಿಲ್ಲ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಬೇಕು. ಇಳಿಜಾರಿದ್ದರೆ ಮೇಲುಭಾಗದ ನೆಲದಿಂದ ಎಣಿಸಬೇಕು. ಆ ಎತ್ತರದಲ್ಲಿ ಗಂಟು ಬಂದಿದ್ದರೆ ಟೇಪನ್ನು ಕೊಂಚ ಸರಿಸಿ, ಎಷ್ಟು ಎತ್ತರದಲ್ಲಿ ಅಳೆದೆ ಅಂತ ಬರೆಯಬೇಕು. ಆಲದ ಮರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಬಿಳಲುಗಳೆಲ್ಲ ಬೊಡ್ಡೆಗಳಾಗಿ ನಿಂತಿರುತ್ತವೆ, ಹಾಗಾಗಿ ನೆರಳಿನ ಅಂಚಿನ ಸುತ್ತ ನಡೆದು ವಿಸ್ತಾರವನ್ನೇ ಅಳೆಯುತ್ತೇನೆ. ನಮ್ಮ ಪಾವಗಡದ ಆಚೆ, ಆಂಧ್ರದ ಕದಿರಿ ಹತ್ತಿರದ ತಿಮ್ಮಮ್ಮ ಮರ್ರಿಮಾನು 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದೂ ವಿಸ್ತಾರದ ಲೆಕ್ಕದಲ್ಲೇ. ಅದನ್ನು ಲೋಕಕ್ಕೆ ಕಾಣಿಸಲು ಓಡಾಡಿದವರು ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್. ಅವರ ಹಟ ನೆನೆದಾಗಲೆಲ್ಲ ನನಗೆ ಹುರುಪು ಬರುತ್ತದೆ.

ವಯಸ್ಸಿನ ವಿಷಯ ಕಷ್ಟ. ಕೇಳಿದ ಕಡೆಯೆಲ್ಲ ಐನೂರು ವರ್ಷ ಎನ್ನುತ್ತಾರೆ. ಆ ಮಾತಿನಲ್ಲಿರುವ ಗೌರವ ದೊಡ್ಡದು, ಆದರೆ ಅದನ್ನು ವಯಸ್ಸು ಅಂತ ಬರೆಯಲಾರೆ. ತೇಗದಲ್ಲಿ ವರ್ಷದ ಉಂಗುರ ಎಣಿಸಬಹುದು, ಹುಣಸೆ, ಆಲಗಳಲ್ಲಿ ಹಾಗೆ ಎಣಿಸಲು ಬರುವುದಿಲ್ಲ. ಮುದಿ ಹುಣಸೆಯ ಒಡಲು ಪೊಳ್ಳಾಗಿಯೂ ಇರುತ್ತದೆ. ಅದಕ್ಕೇ ನನ್ನ ಪುಸ್ತಕದಲ್ಲಿ 'ಊರವರ ಹೇಳಿಕೆ' ಒಂದು ಕಾಲಂ, 'ಕಂಡ ಸಾಕ್ಷಿ' ಇನ್ನೊಂದು ಕಾಲಂ. ಮರ ನುಂಗಿದ ಬಾಂದುಕಲ್ಲು, ಹಳೇ ಕ್ರಯಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ಬರೆದ 'ಪೂರ್ವಕ್ಕೆ ದೊಡ್ಡ ಹುಣಸೆ' ಎಂಬ ಸಾಲು, ಇಂಥವೆಲ್ಲ ಎರಡನೆಯದಕ್ಕೆ.

ಉಳಿಸುವ ಕೆಲಸ ಅಂತ ನಾನು ಮೊದಲು ಕೈಹಾಕಿದ್ದು ಹದ್ದುಬಸ್ತಿಗೆ. ಪಂಚಾಯಿತಿಯಿಂದ ಅರ್ಜಿ ಕೊಡಿಸಿ, ಸರ್ಕಾರಿ ಸರ್ವೇಯರ್ ಬಂದು ಗಡಿ ಗುರುತಿಸಿದ ಮೇಲೆ ಕಲ್ಲು ನೆಡಿಸುವುದು. ತೋಪಿನ ಹದ್ದು ಗಟ್ಟಿಯಾಗದೆ ಮರ ಉಳಿಯುವುದಿಲ್ಲ. ಪಕ್ಕದ ಹೊಲದ ನೇಗಿಲು ವರ್ಷಕ್ಕೊಂದು ಸಾಲು ಒಳಗೆ ಬರುತ್ತದೆ. ಆಮೇಲೆ ಗ್ರಾಮಸಭೆಯಲ್ಲಿ ಠರಾವು, ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲಾತಿಯಲ್ಲಿ ಮರದ ಹೆಸರು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದ ಕಥೆಯನ್ನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. 54 ಎಕರೆ ಹುಣಸೆಗೆ ಅಷ್ಟು ಮರ್ಯಾದೆ ಸಿಕ್ಕಿದೆ ಅಂದಾಗ ಹಿಂದೆ ಕೂತವರೂ ಕಿವಿಗೊಡುತ್ತಾರೆ. ರಸ್ತೆ ಅಗಲ ಮಾಡುವ ಮಾತು ಬಂದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ: ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಆಕ್ಷೇಪಣೆಯ ಜೊತೆ ಅಳತೆಯ ಪಟ್ಟಿ ಲಗತ್ತಿಸಿದರೆ ಅದಕ್ಕೆ ತೂಕ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ತಪ್ಪು ನನ್ನಿಂದಾಯಿತು. ಆ ಹನ್ನೆರಡು ಮೂಟೆಯ ಹುಣಸೆ ತಾಲ್ಲೂಕಿಗೇ ದೊಡ್ಡದು ಅಂತ ನಾನೇ ಊರ ಸಭೆಯಲ್ಲಿ ಹೇಳಿದೆ. ಊರಿಗೆ ಹೆಮ್ಮೆಯಾಯಿತು. ಬೇಸಿಗೆ ಕಳೆದು ಹೋಗಿ ನೋಡಿದರೆ ಬುಡದ ಸುತ್ತ ಸಿಮೆಂಟು ಕಟ್ಟೆ, ಮೇಲೆ ಬಣ್ಣದ ಟೈಲ್ಸು. ಬೊಡ್ಡೆಗೆ ಮೂರಡಿ ಮಣ್ಣು ತುಂಬಿದ್ದರು. ಪ್ರೀತಿಯಿಂದಲೇ ಮಾಡಿದ್ದರು, ಅವರನ್ನು ದೂರಲಾರೆ. ಬುಡದ ನೆಲ ಉಸಿರಾಡಬೇಕು ಅನ್ನುವುದನ್ನು ಅಳತೆ ಹೇಳಿದ ದಿನವೇ ನಾನು ಹೇಳಬೇಕಿತ್ತು.

ಎರಡನೇ ಬೇಸಿಗೆಗೆ ನೆತ್ತಿಯ ಕೊಂಬೆಗಳು ತುದಿಯಿಂದ ಒಣಗತೊಡಗಿದವು. ಗುಡಿಯ ಹತ್ತಿರ ಕುರಿ ಮೇಯಿಸುವ ಅಜ್ಜಿ ನನ್ನನ್ನು ಕರೆದು, "ಏನಪ್ಪಾ, ಕುತ್ತಿಗೆಗಂಟ ಹೂತಾಕಿ ತಲೆಗೆ ನೀರು ಹುಯ್ದ್ರೆ ಬದುಕ್ತದಾ?" ಅಂತ ಕೇಳಿದಳು. ಅದೇ ಮಾತನ್ನು ಗ್ರಾಮಸಭೆಯಲ್ಲಿ ಅವಳಿಂದಲೇ ಹೇಳಿಸಿದೆ. ಕಟ್ಟೆ ಒಡೆಯಲು ಒಪ್ಪಿಗೆ ಸಿಕ್ಕಿತು.

ಹೊರಗಿನ ಗೋಡೆಗೆ ಮಾತ್ರ ಹಾರೆ ಬಳಸಿದೆವು. ಬೊಡ್ಡೆಗೆ ಎರಡಡಿ ಇರುವಾಗ ಹಾರೆ, ಗುದ್ದಲಿ ಬಿಟ್ಟು ಕೈಯಲ್ಲೇ ಮಣ್ಣು ತೆಗೆದೆವು. ಒಳಗೆ ಹೋದಷ್ಟೂ ಮಣ್ಣು ಒದ್ದೆ, ಮುಗ್ಗಲು ವಾಸನೆ. ತೊಗಟೆ ಒಂದು ಕಡೆ ನೆನೆದ ರಟ್ಟಿನ ಹಾಗೆ ಬೆರಳಿಗೇ ಕಿತ್ತು ಬಂತು. ಇನ್ನೊಂದು ಕಡೆ ಮರ ಬದುಕಲು ಹೆಣಗಿ, ಆ ತುಂಬಿದ ಮಣ್ಣಿನೊಳಕ್ಕೇ ನೂಲಿನಂಥ ಹೊಸ ಬೇರು ಬಿಟ್ಟಿತ್ತು. ಅದನ್ನು ಕಂಡು ಕೆಲಸ ಮಾಡುತ್ತಿದ್ದ ಹುಡುಗರು ಸುಮ್ಮನಾದರು. ಬೇರು ಕವಲೊಡೆಯುವ ಜಾಗ ಕಾಣುವವರೆಗೆ ಮಣ್ಣು ತೆಗೆದು, ಕೊಳೆತ ತೊಗಟೆಯನ್ನಷ್ಟೇ ಬಿಡಿಸಿ, ಗಾಳಿಗೆ ಬಿಟ್ಟೆವು. ಬಣ್ಣ, ಡಾಂಬರು ಏನೂ ಬಳಿಯಲಿಲ್ಲ. ಪೊಟರೆಗೆ ಸಿಮೆಂಟು ತುಂಬೋಣ ಅಂದವರಿಗೆ ಬೇಡ ಅಂದೆ. ಅದರ ಹಿಂದೆ ನೀರು ನಿಂತು ಇನ್ನಷ್ಟು ಕೊಳೆಯುತ್ತದೆ, ಅಲ್ಲದೆ ಅಲ್ಲೊಂದು ಜೋಡಿ ಗೂಬೆ ಇತ್ತು. ನೀರನ್ನು ಬುಡಕ್ಕೆ ಹಾಕದೆ, ಉಣ್ಣುವ ಬೇರುಗಳಿರುವ ನೆರಳಿನ ಅಂಚಿನಲ್ಲಿ ಹಾಯಿಸಿದೆವು. ತರಗೆಲೆಗೆ ಬೆಂಕಿ ಇಡುವುದನ್ನು ಊರವರೇ ನಿಲ್ಲಿಸಿದರು. ಬೊಡ್ಡೆಯಿಂದ ಕಿತ್ತ ಮೊಳೆಗಳು ಒಂದು ಬೊಗಸೆಯಾದವು.

ಇದಾಗಿ ನಾಲ್ಕು ವರ್ಷ. ಕೆಳಗಿನ ಕೊಂಬೆಗಳು ತುಂಬಿಕೊಂಡಿವೆ, ನೆತ್ತಿಯ ಎರಡು ಕೊಂಬೆ ಇನ್ನೂ ಬೋಳಾಗಿಯೇ ಇವೆ. ಈಗ ನಾನು ಹೊಸ ಮರ ಅಳೆದರೆ, ಸುತ್ತಳತೆ ಹೇಳುವ ಮೊದಲು ಊರವರನ್ನು ನೆರಳಿನ ಅಂಚಿನುದ್ದಕ್ಕೂ ಒಂದು ಸುತ್ತು ನಡೆಸುತ್ತೇನೆ, ಇಷ್ಟು ನೆಲವೂ ಮರದ್ದೇ ಅಂತ ತೋರಿಸುತ್ತೇನೆ. ಮೊನ್ನೆ ಹುಣಸೆ ಬಡಿಯುವವರು ಸಂತೆಯಲ್ಲಿ ಸಿಕ್ಕಿದ್ದರು. ಗುಡಿ ಹಿಂದಿನ ಮರದಲ್ಲಿ ಈ ಸಲ ಮೂರು ಮೂಟೆ ಸಿಕ್ಕಿತಂತೆ.